ಹೆಚ್ಚಿದಾಕಿಗೆ ವಾಟಿ

“ವಿಷ ಇಟ್ಟದ್ದು ಜಂಬುನಾಥಗಲ್ಲ, ನರ್ಸಮ್ಮ. ನಿನಗ.”

ಕೆಂಚಕ್ಕ ಎಲೆಗೆ ಸುಣ್ಣ ಹಚ್ಚುತ್ತಲೇ ಹೇಳಿದಳು, ಸಂತೆಯಲ್ಲಿ ಬದನೆಕಾಯಿಯ ದರ ಹೇಳಿದಷ್ಟು ಸಲೀಸಾಗಿ. ಸೌಭಾಗ್ಯಮ್ಮ ಉಪ್ಪುನೀರಿನ ಲೋಟ ಹಿಡಿದು ಬಾಯಿ ಮುಕ್ಕಳಿಸುತ್ತಿದ್ದಳು.

ಬಾಯಲ್ಲಿದ್ದ ನೀರನ್ನು ಬಾಳೆಯ ಬುಡಕ್ಕೆ ಉಗುಳಿ, ಲೋಟವನ್ನು ಒಗೆಯುವ ಕಲ್ಲಿನ ಮೇಲಿಟ್ಟು ಅವಳು ಕುಳಿತೇಬಿಟ್ಟಳು. ಮಧ್ಯಾಹ್ನ ಒಂದೂವರೆಯ ಬಿಸಿಲು. ಹಿತ್ತಿಲಲ್ಲಿ ಏಳು ಮಾವಿನ ಮರದ ನೆರಳು ಇದ್ದರೂ ಬೆನ್ನಿನಲ್ಲಿ ಬೆವರು ಇಳಿಯುತ್ತಿತ್ತು.

“ನನಗ್ಯಾಕ ಇಡ್ತಾರ? ನಾನು ಯಾರ ಬಾಯಾಗ ಮಣ್ಣು ಹಾಕೀನಿ?”

“ಅದು ಆಮ್ಯಾಲೆ. ಮೊದಲು ಸೋಮವಾರದ್ದು ಹೇಳು. ಪೊಲೀಸರಿಗೆ ಹೇಳಿದ್ದು ಬ್ಯಾಡ. ಆದದ್ದು ಹೇಳು.”

ಆದದ್ದು ಕೊಟ್ಟೂರಿಗೆಲ್ಲ ಗೊತ್ತು. ಮೊನ್ನೆ ಸೋಮವಾರ ಇದೇ ಹಿತ್ತಿಲಲ್ಲಿ ಮಾವಿನಹಣ್ಣಿನ ರುಚಿ ನೋಡಲು ಕುಳಿತ ಜಂಬುನಾಥ ಅರ್ಧ ಗಂಟೆಯೊಳಗೆ ಬಾಯಲ್ಲಿ ನೊರೆ ಬಂದು ಬಿದ್ದಿದ್ದ. ಮೂವತ್ತೆರಡು ವರ್ಷ ನರ್ಸಾಗಿ ದುಡಿದ ಸೌಭಾಗ್ಯಮ್ಮ ಅವನ ಕಣ್ಣುಗುಡ್ಡೆ ನೋಡಿಯೇ, ಇದು ಗಿಡಕ್ಕೆ ಹೊಡೆಯುವ ಔಷಧಿಯ ಕೆಲಸ ಎಂದು ಗುರುತು ಹಿಡಿದು ಗಾಡಿ ಹತ್ತಿಸಿದ್ದಳು. ಹಾಗಾಗಿ ಅವನು ಬಳ್ಳಾರಿಯ ಆಸ್ಪತ್ರೆಯಲ್ಲಿ ಉಸಿರಾಡುತ್ತಿದ್ದಾನೆ. ಎಚ್ಚರ ಮಾತ್ರ ಇನ್ನೂ ಬಂದಿಲ್ಲ.

ಔಷಧಿಯ ಬಾಟಲಿ ಈ ಮನೆಯದೇ. ಜಿಗಿಹುಳು ಬಿದ್ದಿದೆ ಎಂದು ಮಾರ್ಚಿನಲ್ಲಿ ಸೊಸೆ ಶೃತಿ ತಂದದ್ದು, ಒಂದೇ ಸಲ ಹೊಡೆದದ್ದು. ಈಗ ಅದು ಖಾಲಿ. ಎಸ್ಸೈ ಕ್ರಾಂತಿಕುಮಾರ್ ಇವತ್ತು ಬೆಳಿಗ್ಗೆ ಆ ಬಾಟಲಿಯನ್ನು ಬೆಳಕಿಗೆ ಹಿಡಿದು ನೋಡಿ, “ನಾಲ್ಕು ಗಂಟೆಗೆ ಬರ್ತೀನಿ, ಸೊಸಿಗೆ ತಯಾರಾಗಿರಾಕ ಹೇಳ್ರಿ” ಅಂದು ಹೋಗಿದ್ದ. ಮಗ ಬೀರಲಿಂಗೇಶ್ ಲಾರಿಯ ಮೇಲೆ ಗುಜರಾತಿನ ದಾರಿಯಲ್ಲಿದ್ದ. ಅವನು ಬರುವುದರೊಳಗೆ ಹೆಂಡತಿ ಠಾಣೆ ಸೇರಿದರೆ ತಾಯಿಯಾದವಳು ಅವನಿಗೆ ಯಾವ ಮುಖ ತೋರಿಸಬೇಕು? ಸೌಭಾಗ್ಯಮ್ಮನ ಹೊಟ್ಟೆಯಲ್ಲಿ ಎರಡು ದಿನದಿಂದ ಕೂಳಿಲ್ಲ, ಇದೊಂದೇ ಕೊರೆತ.

ಅದಕ್ಕೇ ಅವಳು ಕೂಡ್ಲಿಗಿಯಿಂದ ಕೆಂಚಕ್ಕನನ್ನು ಕರೆಸಿದ್ದು. ಕೆಂಚಕ್ಕ ಹೆಡ್ ಕಾನ್‌ಸ್ಟೇಬಲ್ ಆಗಿ ನಿವೃತ್ತಳಾದವಳು. ಹೊಡೆದಾಟದವರನ್ನೂ ವಿಷ ಕುಡಿದವರನ್ನೂ ಆಸ್ಪತ್ರೆಗೆ ಕರೆತರುತ್ತ ಕರೆತರುತ್ತಲೇ ನರ್ಸಮ್ಮನಿಗೆ ಗೆಳತಿಯಾಗಿದ್ದಳು. ಕುರಿ ಕಾಯ್ದ ಮನೆತನ, ನೂರು ಕುರಿಯ ಹಿಂಡಿನಲ್ಲಿ ಕುಂಟುವ ಒಂದನ್ನು ಧೂಳಿನಲ್ಲೂ ಹಿಡಿಯುವ ಕಣ್ಣು. ಮಾತು ಮಾತ್ರ ಒರಟು.

“ಹಣ್ಣು ಯಾರು ತಂದದ್ದು?”

“ಜಂಬುನಾಥನ ತಂದಾನ. ಹಂಪಸಾಗರದ ಕಡಿ ಅವನ ತೋಟ ಐತಲ್ಲ, ಅಲ್ಲಿ ಈ ವರ್ಷ ಮೊದಲನೇ ಫಸಲು. ಎರಡ ಎರಡು ಕಾಯಿ ಬಲಿತಿದ್ವು. ಉಳಿದದ್ದು ಇನ್ನೂ ಎಳಿಕಾಯಿ. ಒಂದು ಹಣ್ಣಾಗಿತ್ತು, ಇನ್ನೊಂದು ಹುಲ್ಲಿನಾಗ ಹಾಕೀನಿ. ಇದು ಹೊಳಿದಂಡಿ ಹೌದೋ ಅಲ್ಲೋ ನೋಡಿ ಹೇಳಕ್ಕ ಅಂದ.”

ಹೊಳಿದಂಡಿ ಎಂಬುದು ಸೌಭಾಗ್ಯಮ್ಮನ ಜೀವ. ಹಂಪಸಾಗರದ ಹೊಳೆಯ ದಂಡೆಯಲ್ಲಿದ್ದ ಒಂಟಿ ಮಾವಿನ ಮರ ಅದು, ಗಾಳಿಗೆ ಬಿತ್ತು. ಬೀಳುವ ಹಿಂದಿನ ವರ್ಷ ಅವಳು ನಾಲ್ಕು ಕಡ್ಡಿ ತಂದು ಈ ಹಿತ್ತಿಲಲ್ಲೇ ಕಸಿ ಕಟ್ಟಿದ್ದಳು, ಒಂದು ಬದುಕಿತು. ಹೋಳು ತಿಂದರೆ ಎಲ್ಲ ರಸಪುರಿಯಂತೆಯೇ ಸಿಹಿ. ಗುರುತು ಇರುವುದು ವಾಟೆಯಲ್ಲಿ, ಒಳಗಿನ ಗೊರಟಿನಲ್ಲಿ. ವಾಟೆಗೆ ಅಂಟಿದ ತಿರುಳು ಚೀಪಿದರೆ ಓಮಿನಕಾಳು ಜಗಿದಂಥ ಘಮ ನಾಲಿಗೆಯ ಹಿಂದೆ ಏಳುತ್ತದೆ. ಬೇರೆ ಯಾವ ಮಾವಿನಲ್ಲೂ ಅವಳು ಅದನ್ನು ಕಂಡಿಲ್ಲ.

“ನಿಮ್ಮನಿ ಪದ್ಧತಿ ಏನು?” ಕೆಂಚಕ್ಕ ಕೇಳಿದಳು. “ಬಂದವರಿಗೆ ಹೋಳು, ಹೆಚ್ಚಿದಾಕಿಗೆ ವಾಟಿ. ಹೌದಿಲ್ಲೊ? ನನಗ ಹೋಳು ಕೊಟ್ಟು ನೀನು ವಾಟಿ ಚೀಪಿದ್ದು ಎಷ್ಟು ಸರ್ತಿ ನೋಡಿಲ್ಲ ನಾನು.”

“ಹೌದು. ನಮ್ಮವ್ವನ ಕಾಲದಿಂದ.”

“ಅವತ್ತು ಹೋಳು ಯಾರ್ಯಾರು ತಿಂದ್ರಿ?”

“ನಾನು, ಶೃತಿ, ಜಂಬುನಾಥ, ಆಮ್ಯಾಲೆ ನರ್ಸರಿಯ ಪ್ರವೀಣಕುಮಾರ, ಜಂಬುನಾಥಗ ಹೊಳಿದಂಡಿ ಸಸಿ ಮಾರಿದವ.”

“ನಾಕು ಮಂದಿ ತಿಂದ್ರಿ, ಮೂರು ಮಂದಿ ಗಟ್ಟಿ ಅದೀರಿ. ಜಂಬುನಾಥ ಒಬ್ಬನ ಬಿದ್ದ. ಅವ ಮಾಡಿದ್ದೇನು? ವಾಟಿ ಚೀಪಿದ. ಆ ವಾಟಿ ಯಾರದು?”

ಸೌಭಾಗ್ಯಮ್ಮ ತಲೆಯೆತ್ತಿ ನೋಡಿದಳು. “ನಂದು.”

ಹಿತ್ತಾಳೆಯ ಬಟ್ಟಲು ಕಣ್ಣಿಗೆ ಕಟ್ಟಿತು. ಹಣ್ಣು ಹೆಚ್ಚಿ ವಾಟೆಯನ್ನು ಆ ಬಟ್ಟಲಲ್ಲಿ ಹಾಕಿ ಅಡುಗೆಮನೆಯ ಕಿಟಕಿಯಲ್ಲಿಟ್ಟು, ಬೇನಿಷಾ, ಮಲ್ಲಿಕಾ ಮಾವು ಹೆಚ್ಚಲು ಕೂತಿದ್ದಳು. ಹತ್ತು ನಿಮಿಷ ಬಟ್ಟಲು ಅಲ್ಲೇ ಇತ್ತು. ಕೈ ತೊಳೆಯಲು ಎಲ್ಲರೂ ಆ ಕಿಟಕಿಯ ಹತ್ತಿರ ಹೋಗಿ ಬಂದಿದ್ದರು. ಅವಳ ಪಾಲು ಎಂದು ಎಲ್ಲರಿಗೂ ಗೊತ್ತಿದ್ದ ಬಟ್ಟಲು.

“ಹಂಗಾರ ನೀನ್ಯಾಕ ಚೀಪಲಿಲ್ಲ?”

“ಹಲ್ಲು ಕೀಳಿಸಿದ್ದೆ. ಹಿಂದಿನ ದಿನ, ಹಗರಿಬೊಮ್ಮನಹಳ್ಳಿಯಾಗ. ಚೀಪಿದ್ರ ಹೆಪ್ಪುಗಟ್ಟಿದ ರಕ್ತ ಕಿತ್ತು ಬರ್ತೈತಿ. ನಾನ ನರ್ಸು, ಇಷ್ಟು ಗೊತ್ತಿಲ್ಲೇನು? ಅದಕ್ಕ, ನೀನ ಚೀಪಿ ರುಚಿ ಹೇಳಪ್ಪ ಅಂತ ಜಂಬುನಾಥನ ಕೈಗೆ ಕೊಟ್ಟೆ.”

“ಹಲ್ಲಿನ ಸುದ್ದಿ ಮೊದಲ ಯಾರಿಗೆ ಗೊತ್ತಿತ್ತು?”

“ಯಾರಿಗೂ ಹೇಳಿರಲಿಲ್ಲ. ಹೇಳಿದ್ರ, ಈಯಮ್ಮನ ಬಾಯಿ ಕೆಟ್ಟೈತಿ, ಈಕಿ ಏನು ರುಚಿ ಹೇಳ್ತಾಳ ಅಂತ ಎದ್ದು ಹೋಗ್ತಿದ್ರು.” ಸೌಭಾಗ್ಯಮ್ಮನಿಗೆ ನಾಚಿಕೆಯಾಯಿತು. ಇಡೀ ತಾಲೂಕಿನಲ್ಲಿ ಮಾವಿನ ನಾಲಿಗೆ ಅಂದರೆ ತನ್ನದೇ ಎಂಬ ಜಂಬ ಅರವತ್ತಾದರೂ ಬಿಟ್ಟಿರಲಿಲ್ಲ. “ಶೃತಿಗೊಬ್ಬಾಕಿಗೆ ಗೊತ್ತು. ಆಸ್ಪತ್ರಿಗೆ ಕರಕೊಂಡು ಹೋದಾಕಿ ಆಕಿನ.”

ಕೆಂಚಕ್ಕ ಎಲೆಯನ್ನು ದವಡೆಗೆ ತಳ್ಳಿ ತೊಡೆ ತಟ್ಟಿದಳು.

“ಮುಗೀತು. ನೀನು ಚೀಪೂದಿಲ್ಲ ಅಂತ ಗೊತ್ತಿದ್ದಾಕಿ ನಿನ್ನ ವಾಟಿಗೆ ವಿಷ ಹಾಕ್ತಾಳೇನು? ಹಾಕಿದವ ಹಲ್ಲಿನ ಸುದ್ದಿ ಗೊತ್ತಿಲ್ಲದವ. ನಿನ್ನ ಸೊಸಿ ಉಳಿದ್ಲು. ಇನ್ನ ಉಳಿದವ ಒಬ್ಬನ, ಅವನಿಗೆ ಬಾ ಅಂತ ಆಗಲೇ ಫೋನು ಮಾಡೀನಿ.”

ಸೌಭಾಗ್ಯಮ್ಮನಿಗೆ ಎರಡು ದಿನದ ಉಸಿರು ಒಮ್ಮೆಲೇ ಹೊರಬಂತು. ಅದರ ಹಿಂದೆಯೇ ಹೊಸ ಭಯ ಒಳಗೆ ಬಂತು. ಸೊಸೆ ಉಳಿದಳು, ಸರಿ. ತನ್ನನ್ನು ಕೊಲ್ಲಲು ಬಂದವನು ತನ್ನ ಕೈಯಿಂದಲೇ ಮಲ್ಲಿಕಾ ಹೋಳು ತಿಂದು, ಸಕ್ಕರಿ ಇದ್ದಂಗೈತಿ ಅಂದು ಹೋಗಿದ್ದನೇ?

ಎರಡೂವರೆಗೆ ಪ್ರವೀಣಕುಮಾರ್ ಬಂದ. ಹರಪನಹಳ್ಳಿ ಕಡೆಯ ನರ್ಸರಿಯವನು, ಮೂವತ್ತೈದರ ಆಸುಪಾಸು. ಹೆಬ್ಬೆರಳಿನ ಉಗುರಿಗೆ ಕಸಿ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯ ಚೂರು ಇನ್ನೂ ಅಂಟಿತ್ತು. ಹೆಲ್ಮೆಟ್ ತೊಡೆಯ ಮೇಲಿಟ್ಟುಕೊಂಡು ಕೂತ.

“ಜಂಬಣ್ಣ ಹೆಂಗೆ ಅದಾನ್ರಿ ಈಗ?”

“ಬದುಕ್ತಾನ,” ಕೆಂಚಕ್ಕ ಅಂದಳು. “ಬದುಕಿದ್ರ ನಿನಗೇನು ತೊಂದರಿ ಇಲ್ಲಲ್ಲ?”

“ನನಗೇನು ತೊಂದ್ರೆ?”

“ನಿನಗ ನಾನು ಒಂದ ಮಾತು ಕೇಳ್ತೀನಿ. ಸೋಮವಾರ ನರ್ಸಮ್ಮ ವಾಟಿ ಬಟ್ಟಲಾನ ಜಂಬುನಾಥನ ಕಡಿ ಚಾಚಿದ್ಲು. ನಡುವ ಒಂದು ಕೈ ಬಂತು ಅಂತ ಶೃತಿ ಹೇಳ್ಯಾಳ. ಅದು ಯಾರದು?”

ಸೌಭಾಗ್ಯಮ್ಮನಿಗೆ ಅದು ಆಗಲೇ ನೆನಪಾದದ್ದು. ಹೌದು, ಒಂದು ಕೈ ನಡುವೆ ಬಂದಿತ್ತು. “ಕೊಡ್ರಿ ಅಮ್ಮಾ, ನಾನು ನೋಡಿ ಹೇಳ್ತೀನಿ” ಎಂದು ಬಟ್ಟಲಿನ ಅಂಚು ಹಿಡಿದಿತ್ತು. ಉಗುರಿನ ಮೇಲೆ ಇದೇ ಪಟ್ಟಿಯ ಚೂರು. ಅವಳು ಕುರ್ಚಿಯನ್ನು ಅರ್ಧ ಮೊಳ ಹಿಂದಕ್ಕೆ ಸರಿಸಿಕೊಂಡಳು.

“ವಿಷ ಒಬ್ಬರಿಗೆ ಇಟ್ಟು ಅದು ಇನ್ನೊಬ್ಬರ ಬಾಯಿಗೆ ಹೊಂಟ್ರ ಇಟ್ಟವಗ ಜೀವ ತಡೀತೈತೇನು? ಕೈ ಹಾಕಿ ಕಸ್ಕೊಳ್ಳಾಕ ನೋಡ್ದಿ. ಜಂಬುನಾಥ ಬಿಡಲಿಲ್ಲ.”

ಪ್ರವೀಣಕುಮಾರ್ ಹಣೆ ಒರೆಸಿಕೊಂಡ. ನೆರಳಿನಲ್ಲೇ ಕೂತಿದ್ದರೂ ಅಂಗಿ ಬೆನ್ನಿಗೆ ಅಂಟಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಳ್ಳುವ ಜಾತಿ ಅವನದು, ಮುಖದಲ್ಲಿ ಏನೂ ನಿಲ್ಲದು.

“ಕೈ ಹಾಕಿದ್ದು ಖರೇ ರೀ. ವಿಷಕ್ಕಲ್ಲ.”

“ಮತ್ತ್ಯಾತಕ್ಕ?”

ಅವನು ಸೌಭಾಗ್ಯಮ್ಮನ ಮುಖ ನೋಡಲಾರದೆ ಮರದ ಬುಡ ನೋಡಿದ. “ಅಮ್ಮಾ, ನಾನು ಜಂಬಣ್ಣಗೆ ಕೊಟ್ಟ ಸಸಿ ಹೊಳಿದಂಡಿ ಅಲ್ಲ. ನೀವು ಕೊಟ್ಟ ಕಡ್ಡಿ ಆ ಬ್ಯಾಸಗೀಲಿ ಎಲ್ಲ ಒಣಗಿದ್ವು. ಆಂಧ್ರದ ಲಾರೀಲಿ ಬಂದ ಸಸಿ ಇಳಿಸ್ಕೊಂಡು ಹೊಳಿದಂಡಿ ಅಂತ ಚೀಟಿ ಕಟ್ಟಿದೆ. ಅವು ಯಾವ ತಳಿ ಅಂತ ನನಗೇ ಗೊತ್ತಿಲ್ಲ.”

ಸೌಭಾಗ್ಯಮ್ಮನಿಗೆ ಸಿಟ್ಟು ಬರಬೇಕಿತ್ತು. ನಾನೂರು ಗಿಡ, ಐದು ವರ್ಷದ ನೀರು, ಜಂಬುನಾಥನ ಮೈಬೆವರು. ಸಿಟ್ಟು ಬರಲಿಲ್ಲ, ಹೆದರಿಕೆಯೇ ಎಲ್ಲ ಜಾಗ ಹಿಡಿದಿತ್ತು.

“ನೀವು ವಾಟೆ ಚೀಪಿದ್ರೆ ಒಂದೇ ಗಳಿಗೇಲಿ ಹಿಡೀತಿದ್ರಿ,” ಅವನು ಮುಂದುವರಿಸಿದ. “ನೀವು ಹಲ್ಲು ನೋವು ಅಂದಾಗ ಬದುಕಿದೆ ಅಂದ್ಕೊಂಡೆ. ನಾನೇ ಚೀಪಿ, ಹೂಂ ಹೊಳಿದಂಡಿನೇ ಅಂದುಬಿಟ್ರೆ ಮುಗೀತಲ್ಲ ಅಂತ ಕೈ ಹಾಕಿದೆ. ಚೀಪೀನಿ ಕೂಡ.”

“ಏನು?” ಇಬ್ಬರೂ ಒಟ್ಟಿಗೆ ಕೇಳಿದರು.

“ನೀವು ಮಲಗೋವಾ ತರಾಕೆ ಒಳಗೆ ಹೋದ್ರಲ್ಲ, ಆಗ. ಮೊದ್ಲು ನಾನು ಚೀಪಿದೆ, ಆಮೇಲೆ ಜಂಬಣ್ಣ ನಕ್ಕೊಂಡು ಕಸ್ಕೊಂಡ. ಅದೇ ವಾಟೆ. ವಿಷ ಇಟ್ಟೋನು ಅದನ್ನ ತಾನೇ ಚೀಪ್ತಾನೇನ್ರಿ?”

“ಯಾರು ನೋಡ್ಯಾರ?”

“ಜಂಬಣ್ಣ ಒಬ್ಬನೇ. ಶೃತಿನೂ ಅಷ್ಟೊತ್ತಿಗೆ ಒಳಗೆ ಹೋಗಿದ್ರು.”

“ಅಂದ್ರ ಮಾತಾಡಾಕ ಬಾರದವನ ನಿನ್ನ ಸಾಕ್ಷಿ,” ಕೆಂಚಕ್ಕ ಉಗುಳಿದಳು. “ರುಚಿ ಹೆಂಗಿತ್ತು, ಅದನ್ನಾರ ಹೇಳು.”

“ಮೊದ್ಲು ಹುಣಸೆ ಚಿಗುರಿನ ಹುಳಿ. ನುಂಗಿದ ಮೇಲೆ ನಾಲಿಗೆ ಹಿಂದೆ ಸೀಮೆಎಣ್ಣೆ ಘಾಟು. ಓಮಿನಕಾಳು ಗೀಮಿನಕಾಳು ಎಂಥದೂ ಇಲ್ಲ. ಜಂಬಣ್ಣನೂ ಚೀಪಿ ಮುಖ ಕಿವುಚಿದ, ಬಾಯಿ ತೊಳ್ಕೊಂಡ.”

ಕೆಂಚಕ್ಕ ಎದ್ದು ಸೀರೆ ಕೊಡವಿದಳು. “ಸುಳ್ಳು ಸಸಿ ಮಾರಿದವ ಸುಳ್ಳು ಮಾತು ಮಾರಾಕ ಹಿಂದ ಮುಂದ ನೋಡ್ತಾನೇನು? ನಡಿ, ಎಸ್ಸೈ ಮುಂದ ಹೇಳು. ನರ್ಸಮ್ಮ, ನಾಕರೊಳಗ ಇವನ ಹೇಳಿಕಿ ಬರಸ್ತೀನಿ. ನಿನ್ನ ಸೊಸಿಗೆ ಮನಿಯಾಗ ಇರು ಅಂತ ಹೇಳು. ನೀನು ಮಾತ್ರ ನಾನು ಬರೂತನಕ ಹೊರಗಿಂದು ಏನೂ ಬಾಯಿಗೆ ಹಾಕಬ್ಯಾಡ.”

ಬೈಕಿನ ಹಿಂದೆ ಕುಳಿತು ಅವನ ಅಂಗಿಯ ಕಾಲರನ್ನೇ ಹಿಡಿದುಕೊಂಡು ಹೋದಳು ಪುಣ್ಯಾತಗಿತ್ತಿ.

ಶೃತಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಎಲ್ಲ ಕೇಳಿಸಿಕೊಂಡಿದ್ದಳು. ಹೊಳಲಿನ ಹುಡುಗಿ, ಮದುವೆಯಾಗಿ ಎರಡು ವರ್ಷ. ಹೆಚ್ಚು ಮಾತಿನವಳಲ್ಲ. ಆ ಹೊಳಿದಂಡಿ ಮರ ಕಡಿಸಿ ಅಲ್ಲೊಂದು ಕೋಣೆ ಕಟ್ಟಿಸೋಣ ಎಂದು ಹೋದ ತಿಂಗಳು ಒಮ್ಮೆ ಬಾಯಿ ಬಿಟ್ಟಿದ್ದಳು. ಆಗ ಅತ್ತೆ ಕೂಗಾಡಿದ್ದು ಓಣಿಗೆಲ್ಲ ಕೇಳಿತ್ತು. ಅಂದಿನಿಂದ ಮತ್ತೂ ಮೌನಿ.

“ಊರ ಮಂದಿ ಎಲ್ಲ ನಾನ ಅಂದ್ರು,” ಅಂದಳು. ಕಣ್ಣು ತುಂಬಿದ್ದವು. “ನೀವೊಬ್ಬಾಕಿ ನಂಬಿದ್ರಿ ಅತ್ತಿ. ನನಗ ಅಷ್ಟ ಸಾಕು.”

“ಹುಚ್ಚಿ, ಅಳಬ್ಯಾಡ,” ಎಂದು ಸೌಭಾಗ್ಯಮ್ಮ ಅವಳ ತಲೆ ಸವರಿದಳು. ಶೃತಿ ಕಣ್ಣು ಒರೆಸಿಕೊಂಡು ಒಲೆಯ ಹತ್ತಿರ ಹೋದಳು.

ಈಗ ಸುಮ್ಮನಿರಬಹುದಿತ್ತು. ಆದರೆ ರುಚಿ ನೋಡುವ ನಾಲಿಗೆಗೆ ಒಂದು ರೋಗ ಇದೆ, ಕೇಳಿದ ರುಚಿಯನ್ನು ನೋಡದೆ ಬಿಡದು. ಹುಣಸೆ ಚಿಗುರಿನ ಹುಳಿ, ಸೀಮೆಎಣ್ಣೆಯ ಘಾಟು. ಸುಳ್ಳು ಹೇಳುವವನು ಇಷ್ಟು ಬಿಡಿಸಿ ಹೇಳುತ್ತಾನೆಯೇ? ಸುಮ್ಮನೆ ಸಪ್ಪಗಿತ್ತು ಅಂದಿದ್ದರೂ ಸಾಕಿತ್ತಲ್ಲ.

ಜಂಬುನಾಥನ ಎರಡನೇ ಹಣ್ಣು ಅವಳ ಮಂಚದ ಕೆಳಗಿನ ಬುಟ್ಟಿಯಲ್ಲಿ, ಭತ್ತದ ಹುಲ್ಲಿನೊಳಗೆ ಇತ್ತು. ಪೊಲೀಸರು ಅದನ್ನು ಕೇಳಿರಲಿಲ್ಲ. ಹುಲ್ಲು ಸರಿಸಿದಾಗ ಘಮ್ಮೆಂದಿತು. ಬೇರೆ ದಿನವಾಗಿದ್ದರೆ ಆ ಘಮಕ್ಕೆ ಬಾಯಲ್ಲಿ ನೀರು ಬರುತ್ತಿತ್ತು, ಇವತ್ತು ಮುಖ ಆಚೆ ತಿರುಗಿಸಿದಳು. ಅರವತ್ತು ವರ್ಷದಲ್ಲಿ ಮಾವಿನಹಣ್ಣಿಗೆ ಅವಳು ಹೆದರಿದ್ದು ಇದೇ ಮೊದಲು.

ಸಿಪ್ಪೆಯನ್ನು ಸುತ್ತಲೂ ನೋಡಿದಳು. ಗೀರಿಲ್ಲ, ತೂತಿಲ್ಲ, ತೊಟ್ಟು ಹಾಗೇ ಇದೆ. ಹಿತ್ತಿಲಿಗೆ ತಂದು, ಮೂರು ಸಲ ತೊಳೆದು, ಹೆಚ್ಚಿದಳು. ಹೋಳು ಒಂದು ಚೂರು ತಿಂದಳು. ಸಿಹಿ, ಸೋಮವಾರದ ಹಾಗೇ. ವಾಟೆಯನ್ನು ಚೀಪಲಿಲ್ಲ. ಚಾಕುವಿನ ತುದಿಯಿಂದ ಅದರ ನಾರಿನ ತಿರುಳು ಕೆರೆದು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದಳು.

ಹುಣಸೆ ಚಿಗುರು. ಆಮೇಲೆ ನಿಧಾನಕ್ಕೆ, ಗಂಟಲಿನ ಹತ್ತಿರ, ಸೀಮೆಎಣ್ಣೆ.

ಅವಳು ಚಾಕುವನ್ನು ಕೆಳಗಿಟ್ಟಳು. ಈ ರುಚಿ ಹೋಳಿನಲ್ಲಿಲ್ಲ, ವಾಟೆಯಲ್ಲೇ ಇದೆ. ಈ ತೋಟದ ಹಣ್ಣು ಈ ವರ್ಷವೇ ಮೊದಲು, ಬಲಿತದ್ದು ಎರಡೇ. ಸೋಮವಾರದ ವಾಟೆ ಚೀಪದವನಿಗೆ ಇದು ಗೊತ್ತಾಗಲು ಸಾಧ್ಯವೇ ಇಲ್ಲ. ಪ್ರವೀಣಕುಮಾರ್ ಕಳ್ಳ, ಆದರೆ ಈ ಒಂದು ಮಾತಿನಲ್ಲಿ ನಿಜ ಹೇಳಿದ್ದ. ವಾಟೆ ಚೀಪಿದ್ದ, ಚೀಪಿ ಗಟ್ಟಿಮುಟ್ಟಾಗಿ ಬೈಕ್ ಹತ್ತಿ ಮನೆಗೆ ಹೋಗಿದ್ದ.

ಅಂದರೆ ವಾಟೆಯಲ್ಲಿ ವಿಷ ಇರಲೇ ಇಲ್ಲ.

ಹಾಗಾದರೆ ಜಂಬುನಾಥನೊಬ್ಬನ ಬಾಯಿಗೆ ಹೋದದ್ದೇನು? ಸೌಭಾಗ್ಯಮ್ಮ ಸೋಮವಾರವನ್ನು ಮೊದಲಿನಿಂದ ನೆನೆದಳು. ಅವಳು ಮಲಗೋವಾ ತಂದಾಗ ಜಂಬುನಾಥ ಮುಖ ಕಿವುಚಿಕೊಂಡು ನಿಂತಿದ್ದ. ಬಾಯಿ ತೊಳೆಯಲು ನೀರು ಹುಡುಕಿ, ಒಗೆಯುವ ಕಲ್ಲಿನ ಮೇಲಿದ್ದ ಲೋಟ ಎತ್ತಿ ಬಾಯಿಗೆ ಸುರಿದುಕೊಂಡಿದ್ದ. ಅರ್ಧ ಮುಕ್ಕಳಿಸಿದ, ಅರ್ಧ ನುಂಗಿದ. “ಥೂ, ಇದೆಂಥ ನೀರಕ್ಕ” ಅಂದಿದ್ದ. “ಉಪ್ಪುನೀರಪ್ಪ, ನನ್ನ ಹಲ್ಲಿಗೆ ಕಾಸಿಟ್ಟದ್ದು” ಎಂದು ತಾನೇ ನಕ್ಕಿದ್ದಳು. ಎಲ್ಲರೂ ನಕ್ಕಿದ್ದರು. ಶೃತಿ ನಕ್ಕಿದ್ದಳೇ? ನೆನಪಾಗಲಿಲ್ಲ.

ವಿಷ ಉಪ್ಪುನೀರಿನಲ್ಲಿತ್ತು. ಉಪ್ಪುನೀರು ಹಲ್ಲಿಗೆ. ಹಲ್ಲಿನ ಸುದ್ದಿ ಗೊತ್ತಿದ್ದದ್ದು ಒಬ್ಬಳಿಗೇ.

ಎರಡು ಗಂಟೆಯ ಹಿಂದೆ ಸೊಸೆಯನ್ನು ಉಳಿಸಿದ್ದ ಹಲ್ಲು ಈಗ ಅವಳ ಕಡೆಗೇ ಬೆರಳು ತೋರಿಸಿತು. ಸೌಭಾಗ್ಯಮ್ಮ ಎದ್ದು ಬೀದಿಗೆ ಹೋಗಬೇಕು ಅಂದುಕೊಂಡಳು. ಫೋನು ಒಳಗೆ ಮಂಚದ ಮೇಲಿತ್ತು. ಒಳಗೆ ಹೋಗಲು ದಾರಿ ಅಡುಗೆಮನೆಯ ಮೂಲಕವೇ.

“ಅತ್ತಿ, ಮೂರೂವರಿ ಆತು. ನೀರು.”

ಶೃತಿ ಎದುರಿಗೆ ನಿಂತಿದ್ದಳು. ಕೈಯಲ್ಲಿ ಅದೇ ಲೋಟ.

ಸೌಭಾಗ್ಯಮ್ಮ ಇಸಿದುಕೊಂಡಳು. ಇಸಿದುಕೊಳ್ಳದೆ ಇರಲು ಏನು ನೆಪ ಹೇಳಬೇಕೋ ತಿಳಿಯಲಿಲ್ಲ. ಮೂಗಿನ ಹತ್ತಿರ ತಂದಳು. ಕೈಯೆಲ್ಲ ಮಾವಿನ ಘಾಟು, ಬೇರೆ ಯಾವ ವಾಸನೆಯೂ ಸಿಗಲಿಲ್ಲ. ಕಣ್ಣು ಮುಚ್ಚಿ ಹನ್ನೊಂದು ತಳಿ ಹೇಳುವ ಮೂಗು, ಬೇಕಾದ ಹೊತ್ತಿಗೆ ಕೈಕೊಟ್ಟಿತು. ಇಷ್ಟು ಸಲ ಮುಕ್ಕಳಿಸಿದ್ದಾಯಿತು, ಏನೂ ಆಗಿಲ್ಲ. ಆದರೆ ಎರಡು ದಿನ ಮನೆಯಲ್ಲಿ ಪೊಲೀಸರಿದ್ದರು. ಈಗ ಯಾರೂ ಇಲ್ಲ.

“ಬಿಸಿ ಐತೇನು? ಅಲ್ಲಿಡು, ಆರಲಿ.”

“ಆರಿಸಿ ತಂದೀನಿ.” ಶೃತಿ ಕದಲಲಿಲ್ಲ. “ಸೋಮವಾರನೂ ಹಿಂಗ ಮಾಡಿದ್ರಿ. ನಾನು ಕಾಸಿಟ್ಟ ನೀರು ನೀವು ಮುಕ್ಕಳಿಸ್ಲಿಲ್ಲ.”

ಸೌಭಾಗ್ಯಮ್ಮ ತಲೆಯೆತ್ತಿದಳು. ತನ್ನ ಮುಖದಲ್ಲಿ ಏನು ಕಾಣುತ್ತಿತ್ತೋ ಅವಳಿಗೆ ಗೊತ್ತಾಗಲಿಲ್ಲ. ಶೃತಿಗೆ ಕಂಡಿತು. ಹುಡುಗಿಯ ಕಣ್ಣು ಅತ್ತೆಯ ಮುಖದಿಂದ ಹೆಚ್ಚಿದ ಹಣ್ಣಿಗೆ, ಹಣ್ಣಿನಿಂದ ಕೆರೆದ ವಾಟೆಗೆ, ಅಲ್ಲಿಂದ ಲೋಟಕ್ಕೆ ಹೋಯಿತು.

“ನಾನ ಹಾಕೀನಿ ಅಂದ್ಕೊಂಡ್ರಿ,” ಅಂದಳು. ಕೇಳಿದ್ದಲ್ಲ, ಹೇಳಿದ್ದು.

“ಇಲ್ಲವ್ವ, ಹಂಗಲ್ಲ...”

“ಕೊಡ್ರಿ ಇಲ್ಲಿ.”

ಅತ್ತೆಯ ಕೈಯಿಂದ ಲೋಟ ತೆಗೆದುಕೊಂಡು ಶೃತಿ ತನ್ನ ಬಾಯಿಗೆ ಎತ್ತಿದಳು.

ಸೌಭಾಗ್ಯಮ್ಮನ ತಲೆಯೊಳಗೆ ಎಲ್ಲ ಒಮ್ಮೆಲೇ ಓಡಿತು. ಇವಳೇ ಹಾಕಿದ್ದರೆ ಕುಡಿಯುವುದಿಲ್ಲ, ತುಟಿಯ ಹತ್ತಿರ ನಿಲ್ಲಿಸುತ್ತಾಳೆ. ಇವಳಲ್ಲದಿದ್ದರೆ, ಉಪ್ಪಿನ ಭರಣಿಗೆ ಬೇರೆ ಯಾರದೋ ಕೈ ತಾಗಿದ್ದರೆ, ಈ ಹುಡುಗಿಗೆ ಏನೂ ಗೊತ್ತಿಲ್ಲ. ತಟ್ಟಿ ಬೀಳಿಸಬೇಕು. ಈಗಲೇ.

ಮೂವತ್ತೆರಡು ವರ್ಷ ಕಂಡವರ ಜೀವಕ್ಕೆ ಚಾಚಿದ್ದ ಕೈ ಮಡಿಲಲ್ಲೇ ಉಳಿಯಿತು. ನಿಲ್ಲಿಸುತ್ತಾಳೋ ಕುಡಿಯುತ್ತಾಳೋ ಎಂದು ಸೌಭಾಗ್ಯಮ್ಮ ಸೊಸೆಯ ಗಂಟಲನ್ನೇ ನೋಡುತ್ತ ಕುಳಿತಳು.

ಗಂಟಲು ಆಡಿತು.